ಥರ್ಮಲ್ ಪ್ಯಾಡಿನ ಮೇಲೆ ಉಳಿದ ಪೊರೆ

ಶೇಡಬಾಳದ ಆ ಮನೆಯ ಕಂಪ್ಯೂಟರನ್ನು ಜೋಡಿಸಿದವನು ನಾನು. ಅದು ಕೆಟ್ಟದ್ದೂ ನನ್ನ ಕೈಯಿಂದಲೇ. ಆದರೆ ಕೆಡಿಸಿದ್ದು ಆ ಮನೆಯ ಹಿರಿಯ ಹೆಂಗಸು ಎಂದು ಎಲ್ಲರೂ ನಂಬಿದ್ದರು. ಹಾಗೆ ನಂಬುವಂತೆ ಮಾಡಿದವನೂ ನಾನೇ. ಹತ್ತನೆಯ ಇಯತ್ತೆಯ ಆಚೆ ಓದಿದವನಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುವುದಷ್ಟೇ ನನಗೆ ಬರುತ್ತದೆ.

ಕಾಗವಾಡದಲ್ಲಿ ನನ್ನದೊಂದು ಚಿಕ್ಕ ಅಂಗಡಿ. ಕಂಪ್ಯೂಟರ್ ರಿಪೇರಿ ಮಾಡುತ್ತೇನೆ, ಬೇಕೆಂದವರಿಗೆ ಮಿರಜದಿಂದ ಬಿಡಿಭಾಗ ತರಿಸಿ ಜೋಡಿಸಿ ಕೊಡುತ್ತೇನೆ. ದ್ರಾಕ್ಷಿ ಕಟಾವು ನಡೆದಿದ್ದಾಗ ಶೇಡಬಾಳದ ಜೈನ ಕುಟುಂಬವೊಂದರ ಸೊಸೆ ಅಂಗಡಿಗೆ ಬಂದಳು. ಮನೆಯಲ್ಲೇ ಕುಳಿತು ಮದುವೆ, ಹೆಸರಿಡುವ ಬಾರಸೆ, ವಾಸ್ತುಶಾಂತಿಗಳ ವಿಡಿಯೋ ಮಿಕ್ಸಿಂಗ್ ಮಾಡುವುದು ಅವಳ ಕೆಲಸ. ಅಥಣಿ, ರಾಯಬಾಗ ಕಡೆಯ ಫೋಟೋಗ್ರಾಫರರು ಅವಳಿಗೆ ಕೆಲಸ ಕೊಡುತ್ತಿದ್ದರು. ಹಳೆಯ ಕಂಪ್ಯೂಟರ್ ತಡೆಯುತ್ತಿರಲಿಲ್ಲ.

"ಕಾಕಾ, ಈ ಸಲ ಗಟ್ಟಿ ಮಷೀನ್ ಮಾಡಿ ಕೊಡ್ರಿ. ನಮ್ಮ ಅತ್ತಿಯವರು ದೀಕ್ಷಾ ತಗೋಳಾಕ ಹೊಂಟಾರ. ಅದಕ್ಕಿಂತ ಮದಲ ಅವರು ಮನ್ಯಾಗ ಹೆಂಗ ಇರ್ತಾರ, ಎಲ್ಲಾ ಶೂಟಿಂಗ್ ಮಾಡಿ ಇಡಾಕತ್ತೀನಿ" ಎಂದಳು.

ದೀಕ್ಷೆಯೆಂದರೆ ಏನೆಂದು ಈ ಕಡೆ ಎಲ್ಲರಿಗೂ ಗೊತ್ತು. ಅತ್ತೆ ಮಾತಾಜಿಯರ, ಅಂದರೆ ಜೈನ ಸನ್ಯಾಸಿನಿಯರ, ಸಂಘ ಸೇರುತ್ತಾರೆ. ಆಮೇಲೆ ಆ ಮನೆ ಅವರದಲ್ಲ, ಮಗ ಮಗನಲ್ಲ. ಬರಿಗಾಲಲ್ಲಿ ಊರಿಂದ ಊರಿಗೆ ನಡೆಯುತ್ತಾರೆ. ಸೊಸೆಯ ಬಳಿ ಉಳಿಯುವುದು ಆ ವಿಡಿಯೋ ಮಾತ್ರ.

ನಾನು ಒಳ್ಳೆಯ ಸಾಮಾನನ್ನೇ ತರಿಸಿದೆ. ಬೆರಳುದ್ದದ ಚಪ್ಪಟೆ ಎಸ್‌ಎಸ್‌ಡಿ, ಮದರ್‌ಬೋರ್ಡಿನ ಮೇಲೆಯೇ ಮಲಗಿ ಕೂರುವಂಥದ್ದು. ಹಳೆಯ ಹಾರ್ಡ್‌ಡಿಸ್ಕಿಗಿಂತ ಬಹಳ ವೇಗ, ಆ ವೇಗಕ್ಕೆ ತಕ್ಕ ಬಿಸಿ. ಬಿಸಿಯನ್ನು ಹೊರಗೆ ಎಳೆಯಲು ಅದರ ಮೇಲೆ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಕೂಡಿಸುತ್ತಾರೆ, ಅದಕ್ಕೆ ಹೀಟ್‌ಸಿಂಕ್ ಎನ್ನುತ್ತೇವೆ. ಪಟ್ಟಿಗೂ ಎಸ್‌ಎಸ್‌ಡಿಗೂ ನಡುವೆ ಮೆತ್ತಗಿನ ಥರ್ಮಲ್ ಪ್ಯಾಡ್ ಇರುತ್ತದೆ. ಪ್ಯಾಡಿಗೆ ಧೂಳು ಹತ್ತದಿರಲೆಂದು ಕಂಪನಿಯವರು ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಪೊರೆ ಅಂಟಿಸಿ ಕಳಿಸುತ್ತಾರೆ. ಕೂಡಿಸುವ ಮುನ್ನ ಉಗುರಿನಿಂದ ಅಂಚು ಎಬ್ಬಿಸಿ ಅದನ್ನು ಕಿತ್ತು ಹಾಕಬೇಕು. ಇಲ್ಲದಿದ್ದರೆ ಪ್ಯಾಡು ಎಸ್‌ಎಸ್‌ಡಿಯ ಚಿಪ್ಪಿಗೆ ತಾಗುವುದೇ ಇಲ್ಲ. ಬಿಸಿ ಒಳಗೇ ಉಳಿಯುತ್ತದೆ.

ಆ ದಿನ ನಾನು ಪೊರೆ ಕೀಳಲಿಲ್ಲ. ಗಿರಾಕಿಯೊಬ್ಬ ಎದುರಿಗೆ ನಿಂತಿದ್ದ, ನನ್ನ ಕಣ್ಣು ಮೊದಲಿನಂತಿಲ್ಲ. ಕಾರಣ ಹುಡುಕಿದರೆ ಬೇಕಾದಷ್ಟು ಸಿಗುತ್ತವೆ. ಪಟ್ಟಿ ಕೂಡಿಸಿ, ಸ್ಕ್ರೂ ಬಿಗಿದು, ಅದರ ಮೇಲೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿದೆ. ಕಾರ್ಡಿನ ಕೆಳಗೆ ಏನಿದೆಯೆಂದು ಆಮೇಲೆ ಯಾರಿಗೂ ಕಾಣುವುದಿಲ್ಲ.

ಬೇಸಿಗೆ ಬಿರುಸಾದ ಮೇಲೆ ಮೊದಲ ಫೋನು ಬಂತು. ದೊಡ್ಡ ಕೆಲಸ ಹಚ್ಚಿದರೆ ಕಂಪ್ಯೂಟರ್ ತೆವಳಲು ಶುರುಮಾಡುತ್ತದೆ, ಆಮೇಲೆ ಪರದೆ ನೀಲಿಯಾಗಿ ನಿಂತುಬಿಡುತ್ತದೆ. ಹೋಗಿ ನೋಡಿದೆ. ಮಾಳಿಗೆಯ ಕೋಣೆ. ಕ್ಯಾಬಿನೆಟ್ಟಿನ ಮುಂಭಾಗಕ್ಕೆ, ಗಾಳಿ ಒಳಹೋಗುವ ಜಾಲರಿಯ ಮೇಲೆ, ತೆಳುವಾದ ಬಿಳಿ ಬಟ್ಟೆಯನ್ನು ನೂಲಿನಿಂದ ಅಚ್ಚುಕಟ್ಟಾಗಿ ಕಟ್ಟಿದ್ದರು.

"ಇದೇನ್ರಿ?" ಎಂದೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ನಾನ ಕಟ್ಟೀನ್ರಿ ಅಣ್ಣಾರ. ಸಂಜಿ ಮುಂದ ದೀಪಕ್ಕ ಸಣ್ಣ ಸಣ್ಣ ಹುಳಾ ಬರ್ತಾವು. ಆ ಫ್ಯಾನ್ ಅವನ್ನ ಒಳಗ ಎಳಕೊಂತೈತಿ. ನೀರ ಸೋಸಿ ಕುಡಿಯೂ ಮಂದಿ ನಾವು, ಗಾಳಿ ಸೋಸಬಾರದೇನ್ರಿ?"

ನೀರು ಸೋಸುವ ಬಟ್ಟೆಯೇ ಅದು. ದಿನಾ ಒಗೆದು ಕಟ್ಟುತ್ತಿದ್ದರಂತೆ.

ಉಷ್ಣತೆ ತೋರಿಸುವ ಪ್ರೋಗ್ರಾಂ ಹಾಕಿ, ಒಂದು ವಿಡಿಯೋವನ್ನು ರೆಂಡರ್‌ಗೆ, ಅಂದರೆ ಕೊನೆಯ ಪ್ರತಿ ಹೊರತೆಗೆಯಲು, ಹಚ್ಚಿದೆ. ಎಸ್‌ಎಸ್‌ಡಿಯ ಅಂಕಿ ಐವತ್ತರಿಂದ ಎಂಬತ್ತಕ್ಕೆ ಓಡಿತು. ಎಂಬತ್ತು ದಾಟಿದ ಮೇಲೆ ಅದು ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ, ಇನ್ನೂ ಏರಿದರೆ ಬಂದ್ ಆಗುತ್ತದೆ. ಬಟ್ಟೆ ಬಿಚ್ಚಿದೆ. ಅಂಕಿ ಸ್ವಲ್ಪ ಇಳಿಯಿತು, ಎರಡೋ ಮೂರೋ. ಬಲ್ಲವನಾದ ನಾನು ಅಲ್ಲಿಯೇ ಅನುಮಾನಪಡಬೇಕಿತ್ತು. ಅಷ್ಟು ಬಿಸಿಗೆ ಒಂದು ತೆಳು ಬಟ್ಟೆ ಕಾರಣವಾಗಲಾರದು, ಗ್ರಾಫಿಕ್ಸ್ ಕಾರ್ಡ್ ತೆಗೆದು ಕೆಳಗೆ ನೋಡಬೇಕಿತ್ತು. ಆದರೆ ಎದುರಿಗೆ ಉತ್ತರ ಸಿದ್ಧವಾಗಿ ಕಟ್ಟಿಕೊಂಡು ಕುಳಿತಿತ್ತು.

"ಇದ ನೋಡ್ರಿ ಕಾರಣ. ಗಾಳಿ ಹೋಗಾಕ ಜಾಗಾನ ಇಲ್ಲ. ಮಷೀನ್ ಉಸರ ಕಟ್ಟೇತಿ" ಎಂದೆ.

ಮಗ ಹೊಲದಿಂದ ಆಗಷ್ಟೇ ಬಂದಿದ್ದ. "ಅವ್ವಾ, ಹುಳಾ ಉಳಸಾಕ ಹೋಗಿ ಕಂಪ್ಯೂಟರ್ ಕೊಂದಿ ನೋಡ! ಕಾಕಾ, ಇಷ್ಟ ಬಿಸಿ ಆಗೂದಾದ್ರ ಇದರ ಮ್ಯಾಲ ಚಹಾ ಇಟ್ಟಬಿಡೂನ್ರಿ, ಗ್ಯಾಸ್ ಉಳೀತೈತಿ" ಎಂದ. ಎಲ್ಲರೂ ನಕ್ಕೆವು. ಅತ್ತೆ ನಗಲಿಲ್ಲ. ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿದರು.

"ಹಂಗಾರ ದೀಪ ಹಚ್ಚಿದ ಮ್ಯಾಲ ಇದನ್ನ ಚಾಲೂ ಮಾಡಬ್ಯಾಡವಾ, ಹುಳಾ ಸಾಯ್ತಾವು" ಎಂದು ಸೊಸೆಗೆ ಹೇಳಿದರು.

ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಮನೆ ಅದು. ಆ ದಿನದಿಂದ ಕಂಪ್ಯೂಟರಿಗೂ ಅದೇ ನಿಯಮವಾಯಿತು. ನಾನು ಲೆಕ್ಕ ಹಾಕದೇ ಹೋದದ್ದು ಇದನ್ನೇ. ಅಲ್ಲಿಯವರೆಗೆ ಸೊಸೆ ಭಾರಿ ಕೆಲಸಗಳನ್ನು ತಂಪು ಹೊತ್ತಿನಲ್ಲಿ, ಸಂಜೆಯ ಮೇಲೆ ಹಚ್ಚುತ್ತಿದ್ದಳು. ಈಗ ಎಲ್ಲವೂ ನಡುಹಗಲಿಗೆ ಬಂತು. ಮಾಳಿಗೆಯ ಸೂರು ಕಾದು, ಕೋಣೆಯ ಗಾಳಿಯೇ ನಲವತ್ತರ ಸುಮಾರಿಗೆ ಇರುವಾಗ ಆ ಎಸ್‌ಎಸ್‌ಡಿ, ಪೊರೆ ಹೊದ್ದುಕೊಂಡು, ದಿನವೂ ಬೇಯತೊಡಗಿತು. ಬಟ್ಟೆ ಇದ್ದಾಗಿನದಕ್ಕಿಂತ ಬಟ್ಟೆ ಬಿಚ್ಚಿದ ಮೇಲೆ ಹೆಚ್ಚು ಕೆಟ್ಟಿತು.

ಕೆಲವು ವಾರಗಳ ಮೇಲೆ ಅವಳೇ ಕ್ಯಾಬಿನೆಟ್ಟನ್ನು ರಿಕ್ಷಾದಲ್ಲಿ ಹಾಕಿಕೊಂಡು ಅಂಗಡಿಗೆ ಬಂದಳು. ಕೌಂಟರಿನ ಆಚೆ ನಿಂತಿದ್ದಳು. ನಾನು ಈಚೆ ಅದನ್ನು ಮಲಗಿಸಿ ಬಿಚ್ಚತೊಡಗಿದೆ. ಗ್ರಾಫಿಕ್ಸ್ ಕಾರ್ಡ್ ತೆಗೆದೆ. ಹೀಟ್‌ಸಿಂಕಿನ ಸ್ಕ್ರೂ ಬಿಚ್ಚಿ ಪಟ್ಟಿ ಎತ್ತಿದೆ. ಸರಿಯಾಗಿ ಕೂತಿದ್ದರೆ ಪ್ಯಾಡು ಚಿಪ್ಪಿಗೆ ಅಂಟಿಕೊಂಡು ಎಳೆದು ಬರಬೇಕು. ಇದು ತಟ್ಟನೆ ಕೈಗೆ ಬಂತು. ತಿರುಗಿಸಿದೆ. ಪೊರೆ ಇತ್ತು. ಬಿಸಿಗೆ ಸುಕ್ಕುಗಟ್ಟಿ, ಚಿಪ್ಪಿನ ಅಂಚುಗಳ ಗುರುತು ಅದರ ಮೇಲೆ ಮೂಡಿತ್ತು. ಕಿತ್ತು ಅಂಗೈಯಲ್ಲಿ ಇಟ್ಟುಕೊಂಡೆ.

ಅದೇ ಹೊತ್ತಿಗೆ ಅವಳು ಆಚೆಯಿಂದ ಹೇಳುತ್ತಿದ್ದಳು: "ಅತ್ತಿಯವರಿಗೆ ಅಂದಬಿಟ್ಟೆ ಕಾಕಾ. ನಿಮ್ಮ ಬಟ್ಟೀನ ನನ್ನ ಮಷೀನ್ ತಿಂತು, ಹೋಗೂ ಮುಂದ ಇದೊಂದು ಮಾಡಿ ಹೊಂಟ್ರಿ ಅಂತ. ಆವತ್ತಿಂದ ನನಗೂ ಅವರಿಗೂ ಮಾತ ಕಡಿಮಿ ಆಗ್ಯಾವು. ಕ್ಯಾಮೆರಾ ಮುಂದೂ ಅವರು ಕುಂಡ್ರೂದಿಲ್ಲ."

ಪೊರೆ ನನ್ನ ಮುಷ್ಟಿಯಲ್ಲಿತ್ತು. ಒಂದು ಮಾತು ಸಾಕಿತ್ತು. ಈ ಭಾಗದಲ್ಲಿ ಕಂಪ್ಯೂಟರ್ ಜೋಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಹೇಳಿಕೊಂಡು ತಿರುಗಿದ ಮನುಷ್ಯ ನಾನು. ಪೊರೆಯನ್ನು ಉಂಡೆ ಮಾಡಿ ಅಂಗಿಯ ಜೇಬಿಗೆ ಹಾಕಿದೆ.

"ಧೂಳ ಭಾಳ ಕುಂತಿತ್ತು ತಂಗಿ. ಬಟ್ಟಿ ಕಟ್ಟಿದ್ದಕ್ಕ ಹೊರಗ ಹೋಗಿಲ್ಲ. ತಗದೀನಿ, ಇನ್ನ ಚಿಂತಿಲ್ಲ" ಎಂದೆ.

ಮೊದಲ ಸಲ ಹೇಳಿದ್ದು ತಪ್ಪು ತಿಳಿವಳಿಕೆ. ಈ ಸಲದ್ದು ಸುಳ್ಳು.

ಹೊಸ ಪ್ಯಾಡು ಹಾಕಿ, ಎರಡೂ ಬದಿಯ ಪೊರೆ ಕಿತ್ತು, ಪಟ್ಟಿ ಕೂಡಿಸಿದೆ. ಅದೇ ವಿಡಿಯೋ ಹಚ್ಚಿ ನೋಡಿದಾಗ ಅಂಕಿ ಅರವತ್ತರ ಆಚೆ ಈಚೆ ನಿಂತಿತು. ಅವಳು ಖುಷಿಯಾಗಿ ಹೋದಳು. ನಾನು ಮುಗಿಯಿತು ಎಂದುಕೊಂಡೆ. ಬೆಂದ ಚಿಪ್ಪು ತಣ್ಣಗಾದರೆ ಮೊದಲಿನಂತಾಗುವುದಿಲ್ಲ ಎಂಬುದು ನನಗೆ ತಿಳಿಯದ ಸಂಗತಿಯೇನಲ್ಲ, ತಿಳಿದುಕೊಳ್ಳಲು ಮನಸ್ಸಿರಲಿಲ್ಲ.

ದೀಕ್ಷೆಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ಅವಳ ಫೋನು ಬಂತು. "ಕಾಕಾ, ಡ್ರೈವ್ ತೋರಸವಲ್ದು. ಚಾಲೂ ಮಾಡಿದ್ರ ಡಿಸ್ಕ್ ಇಲ್ಲ ಅಂತೈತಿ. ಅತ್ತಿಯವರದ ಎಲ್ಲಾ ಅದರಾಗ ಐತಿ."

"ಬ್ಯಾರೆ ಕಾಪಿ?"

"ಹಾರ್ಡ್‌ಡಿಸ್ಕ್ ತುಂಬ ಗಿರಾಕಿ ಮದವಿ ವಿಡಿಯೋ ಅದಾವ್ರಿ. ಕ್ಯಾಮೆರಾದ ಕಾರ್ಡ್ ಅಳಿಸಿ ಅಳಿಸಿ ಮತ್ತ ಅದನ್ನ ವಾಪರಸೀನಿ."

"ಇನ್ನ ಬಟನ್ ಒತ್ತಬ್ಯಾಡ. ವೈರ್ ಕಿತ್ತ ಇಡ. ಬಂದೆ" ಎಂದೆ.

ಹೋಗುವ ದಾರಿಯಲ್ಲಿ ನಿಪ್ಪಾಣಿಯ ಒಬ್ಬ ರಿಪೇರಿಯವನಿಗೆ ಫೋನು ಹಚ್ಚಿದೆ. "ಅರೇ ಬಾಬಾ, ಫ್ರಿಜ್ಜಿನಾಗ ಇಟ್ಟ ತಗದ ಹಚ್ಚ, ಒಂದ ಸಲ ಬರತೈತಿ" ಎಂದ. ಹಾಗೆ ಮಾಡಲಿಲ್ಲ. ಫ್ರಿಜ್ಜಿನಿಂದ ಹೊರಗೆ ತಂದ ಕೂಡಲೇ ಚಿಪ್ಪಿನ ಮೇಲೆ ನೀರಿನ ಪಸೆ ಕೂರುತ್ತದೆ. ವಿದ್ಯುತ್ ಕೊಟ್ಟರೆ ಉಳಿದದ್ದೂ ಹೋಗುತ್ತದೆ.

ಶೇಡಬಾಳದ ಮನೆಯ ಮುಂದೆ ಪೆಂಡಾಲು ಏಳುತ್ತಿತ್ತು. ನಾನು ಯಾರನ್ನೂ ಮಾತಾಡಿಸದೆ ಮಾಳಿಗೆ ಏರಿದೆ. ಗ್ರಾಫಿಕ್ಸ್ ಕಾರ್ಡನ್ನು ಪೂರ್ತಿ ತೆಗೆದು ಹಾಕಿ, ಮಾನಿಟರನ್ನು ಮದರ್‌ಬೋರ್ಡಿಗೇ ಜೋಡಿಸಿದೆ, ಒಂದು ಬಿಸಿ ಕಡಿಮೆಯಾಗಲಿ ಎಂದು. ಕ್ಯಾಬಿನೆಟ್ಟಿನ ಬಾಗಿಲು ತೆಗೆದು ಟೇಬಲ್ ಫ್ಯಾನನ್ನು ನೇರವಾಗಿ ಎಸ್‌ಎಸ್‌ಡಿಯ ಮೇಲೆ ತಿರುಗಿಸಿದೆ. ಪೆನ್‌ಡ್ರೈವಿನಿಂದ ಕಂಪ್ಯೂಟರ್ ಚಾಲೂ ಮಾಡಿದೆ. ಹೀಗೆ ಮಾಡಿದರೆ ಕೆಟ್ಟ ಎಸ್‌ಎಸ್‌ಡಿಯಿಂದ ಓದುವುದಷ್ಟೇ. ಅದಕ್ಕೆ ಏನೂ ಬರೆಯುವುದಿಲ್ಲ. ಬರೆದರೆ ಬಿಸಿ ಹೆಚ್ಚು. ನಾನು ತಂದಿದ್ದ ಹೊಸ ಹಾರ್ಡ್‌ಡಿಸ್ಕನ್ನು ಪಕ್ಕದಲ್ಲಿ ಜೋಡಿಸಿದೆ.

ಮೊದಲ ಸಲ ಎಸ್‌ಎಸ್‌ಡಿ ಕಾಣಲಿಲ್ಲ. ಬಂದ್ ಮಾಡಿ, ವೈರ್ ಕಿತ್ತು, ಕಾದು, ಮತ್ತೆ ಹಚ್ಚಿದೆ. ಕಂಡಿತು. ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು.

"ಶ್ಯಾವಿಗಿ ಹಾಕಿದ್ದ ಮದಲ ತಗೀರಿ ಕಾಕಾ. ಅದ ನನಗ ಮುಖ್ಯ" ಎಂದಳು.

ಅದು ಒಂದೇ ದೊಡ್ಡ ಕಡತ. ಅತ್ತೆ ಮತ್ತು ಓಣಿಯ ಹೆಂಗಸರು ಸೇರಿ ಶ್ಯಾವಿಗೆ ಹಾಕಿದ ದಿನ ಕ್ಯಾಮೆರಾ ನಿಲ್ಲಿಸದೆ ತೆಗೆದದ್ದು. ನಾನು ಬೇಡವೆಂದೆ. ದೊಡ್ಡದನ್ನು ಎಳೆಯುವಾಗ ಡ್ರೈವ್ ಬಿದ್ದುಹೋದರೆ ಸಣ್ಣವೂ ಸಿಗುವುದಿಲ್ಲ, ಸಣ್ಣವನ್ನು ಮೊದಲು ತೆಗೆದಿಡೋಣ ಎಂದೆ. ಅವಳು ಒಪ್ಪಿದಳು.

ಎರಡು ಮೂರು ಕಡತ ಎಳೆಯುವುದು, ಅಂಕಿ ಐವತ್ತರ ಮೇಲೆ ಹೋದರೆ ನಿಲ್ಲಿಸುವುದು, ಇಳಿದ ಮೇಲೆ ಮತ್ತೆ ಹಚ್ಚುವುದು. ಬಸದಿಗೆ ಹೊರಟ ಅತ್ತೆ, ಹೊಲಿಗೆ ಹಾಕುವ ಅತ್ತೆ, ಎಮ್ಮೆಯ ಮೈ ತೊಳೆಯುವ ಅತ್ತೆ ಒಬ್ಬೊಬ್ಬರಾಗಿ ಹೊಸ ಡಿಸ್ಕಿಗೆ ಬರುತ್ತಿದ್ದರು. ಆದರೆ ನಡುನಡುವೆ, ಅಂಕಿ ನಲವತ್ತೈದಿರುವಾಗಲೂ, ಡ್ರೈವ್ ಕಾಣೆಯಾಗುತ್ತಿತ್ತು. ಬಿಸಿಯ ಕಾಟವಲ್ಲ ಇದು; ಬಿಸಿಯಿಂದ ಹಿಂದೆಯೇ ಆದ ಗಾಯ. ಪ್ರತಿ ಸಲ ಬಂದ್ ಮಾಡಿ ಕಾಯಬೇಕು. ಪ್ರತಿ ಸಲ ಕಾಯುವುದು ಉದ್ದವಾಗುತ್ತಿತ್ತು.

ಹೊತ್ತು ಇಳಿಯತೊಡಗಿತು. ಸೊಸೆ ಕಿಟಕಿ ನೋಡಿದಳು. "ದೀಪ ಹಚ್ಚೂದ್ರೊಳಗ ಆಗತೈತೇನ್ರಿ?"

ಆಗುತ್ತಿರಲಿಲ್ಲ. ಕೋಣೆ ತಂಪಾಗುವುದೇ ಸಂಜೆಯ ಮೇಲೆ, ಡ್ರೈವ್ ಹೆಚ್ಚು ಹೊತ್ತು ನಿಲ್ಲುವುದೂ ಆಗಲೇ. ಸರಿಯಾಗಿ ಆ ಹೊತ್ತಿಗೆ ನಾವು ಕೈ ಎತ್ತಬೇಕು, ನನ್ನ ಮಾತು ನಂಬಿ ಅತ್ತೆ ಹಾಕಿದ ನಿಯಮದ ದೆಸೆಯಿಂದ.

ಆಗ ಅತ್ತೆಯೇ ಮೆಟ್ಟಿಲು ಹತ್ತಿ ಬಂದರು. ದೀಕ್ಷೆಗೆ ಹೊರಡುವವರು ಬಂಧುಬಳಗ, ನೆರೆಹೊರೆ, ಆಳುಕಾಳು ಎಲ್ಲರ ಬಳಿ ಹೋಗಿ ಕ್ಷಮೆ ಕೇಳುತ್ತಾರೆ. ಬೆಳಿಗ್ಗೆಯಿಂದ ಅವರು ಓಣಿ ತಿರುಗುತ್ತಿದ್ದರು. ನನ್ನೆದುರಿಗೆ ಬಂದು ಕೈ ಜೋಡಿಸಿದರು.

"ಅಣ್ಣಾರ, ತಿಳದೋ ತಿಳೀದನೋ ನಿಮಗ ನೋವ ಮಾಡಿದ್ರ ಕ್ಷಮಾ ಮಾಡ್ರಿ. ನನ್ನ ಬಟ್ಟಿಯಿಂದ ನಿಮ್ಮ ಕೆಲಸ ಕೆಟ್ಟತು. ನಿಮ್ಮ ಹೆಸರಿಗೂ ಕುಂದ ಬಂದಿರಬೇಕು."

ಸೊಸೆ ಪರದೆಯಿಂದ ಮುಖ ತಿರುಗಿಸಲಿಲ್ಲ. ಅವಳ ಬಳಿ ಅತ್ತೆ ಕ್ಷಮೆ ಕೇಳಿದ್ದರೋ ಇಲ್ಲವೋ, ಅವಳು ಕೊಟ್ಟಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಬೆನ್ನು ನೋಡಿದರೆ ಕೊಟ್ಟಂತಿರಲಿಲ್ಲ.

ಪರದೆಯ ಮೇಲೆ ಒಂದು ಕಡತ ನಕಲಾಗುತ್ತಿತ್ತು. ಆಗ ನನ್ನ ತಲೆಯಲ್ಲಿ ಓಡಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಈಗ ಹೇಳಿದರೆ ಈ ಹುಡುಗಿ ನನ್ನನ್ನು ಎಬ್ಬಿಸಿ ಕಳಿಸುತ್ತಾಳೆ, ಅದು ನ್ಯಾಯವೇ. ಆದರೆ ಮಿರಜದವರೆಗೆ ಒಯ್ದು ಬೇರೆಯವರ ಕೈಗೆ ಕೊಡುವಷ್ಟರಲ್ಲಿ ಈ ಡ್ರೈವ್ ಉಳಿಯುವುದಿಲ್ಲ. ಮೊದಲು ಕೆಲಸ ಮುಗಿಸೋಣ, ಆಮೇಲೆ ಹೇಳೋಣ. ಯೋಚನೆ ಬುದ್ಧಿವಂತಿಕೆಯದ್ದೇ ಆಗಿತ್ತು. ಆದರೆ ನನ್ನ ಗುಣ ನನಗೆ ಗೊತ್ತಿತ್ತು. ಎಲ್ಲ ಕಡತ ಬಂದುಬಿಟ್ಟರೆ ನಾನು ಎಂದೂ ಹೇಳುವವನಲ್ಲ. ಈ ತಾಯಿ ನಾಳೆ ನಸುಕಿಗೆ ಮನೆ ಬಿಡುತ್ತಾರೆ, ಮಾಡದ ತಪ್ಪನ್ನು ಹೊತ್ತುಕೊಂಡು.

ನಡೆಯುತ್ತಿದ್ದ ಕಡತ ಪೂರ್ತಿಯಾಗುವವರೆಗೆ ನಿಂತೆ. ನಕಲನ್ನು ನಿಲ್ಲಿಸಿದೆ. ಕುರ್ಚಿಯಿಂದ ಎದ್ದೆ.

"ಅಕ್ಕಾರ, ಬಟ್ಟಿಯಿಂದ ಕೆಟ್ಟಿಲ್ರಿ. ನಾ ಮಾಡಿದ್ದು. ಈ ಡ್ರೈವಿನ ಮ್ಯಾಲ ಕಿತ್ತ ಹಾಕಬೇಕಾದ ಒಂದು ಪ್ಲಾಸ್ಟಿಕ್ ಹಂಗ ಬಿಟ್ಟಿದ್ದೆ. ಅದರಿಂದ ಒಳಗ ಬೆಂದ ಹೋತು. ನಿಮ್ಮ ಮ್ಯಾಲ ಹಾಕಿದೆ."

ಸೊಸೆ ತಿರುಗಿದಳು. "ಯಾವಾಗ ಗೊತ್ತಾತ್ರಿ ನಿಮಗ?"

"ನೀ ಅಂಗಡಿಗೆ ತಂದಾಗ."

"ನಾ ಅಲ್ಲೇ ನಿಂತಿದ್ನೆಲ್ರಿ."

"ಹೂಂ. ನೀ ಅತ್ತಿಯವರಿಗೆ ಅಂದ ಮಾತ ಹೇಳಾಕತ್ತಿದ್ದಿ. ಪ್ಲಾಸ್ಟಿಕ್ ನನ್ನ ಕೈಯಾಗ ಇತ್ತು."

"ಕೈಯಾಗ ಇತ್ತು?"

ಕೆಳಗೆ ಪೆಂಡಾಲಿನವರು ಬೊಂಬು ಬಡಿಯುತ್ತಿದ್ದರು. ಅವಳು ಬಾಗಿಲು ತೋರಿಸಿದಳು. "ಎದ್ದ ಹೋಗ್ರಿ ನೀವು. ಇದಕ್ಕ ಕೈ ಹಚ್ಚಬ್ಯಾಡ್ರಿ."

ನಾನು ಚಪ್ಪಲಿ ಹುಡುಕತೊಡಗಿದೆ. ಅತ್ತೆ ಕೈ ಅಡ್ಡ ಹಿಡಿದರು. ಅವರ ಮುಖದಲ್ಲಿ ಸಿಟ್ಟು ಕಾಣಲಿಲ್ಲ, ಏನೋ ತಿಳಿದುಕೊಳ್ಳುವವರ ಹಾಗಿದ್ದರು.

"ಹಂಗಾರ ಬಟ್ಟಿ ಕಟ್ಟಿದ್ರ ಏನೂ ಆಗೂದಿಲ್ಲೇನ್ರಿ?"

"ಎರಡ ಮೂರ ಡಿಗ್ರಿ ಹೆಚ್ಚಾಗತೈತಿ. ಅಷ್ಟರಿ."

"ರಾತ್ರಿ ನಡಿಸಿದ್ರ ತಂಪ?"

"ಹೌದ್ರಿ."

ಅವರು ಕೆಳಗೆ ಹೋಗಿ ಆ ಬಟ್ಟೆಯನ್ನೇ ತಂದು ಸೊಸೆಯ ಕೈಗೆ ಕೊಟ್ಟರು. "ಫ್ಯಾನಿಗೆ ಹಿಂದ ಮುಂದ ಸುತ್ತ. ಕತ್ತಲಾದ್ರೂ ನಡೀಲಿ. ಕೆಡಿಸಿದವರ ಕೂತ ತಗೀಲಿ, ಅವರಿಗೇ ಅದರ ಹಾದಿ ಗೊತ್ತೈತಿ."

ಸೊಸೆ ಫ್ಯಾನಿನ ಜಾಲರಿಗೆ ಬಟ್ಟೆ ಸುತ್ತಿದಳು. ಬೆನ್ನು ನಮ್ಮ ಕಡೆ ಇತ್ತು. "ಅತ್ತೀ, ನಾ ಅವತ್ತ ಅಂದದ್ದು..." ಎಂದು ನಿಂತಳು.

"ಅಂದದ್ದ ಆತು ಬಿಡ. ಗಂಟ ಸಡಲ ಆಗೇತಿ ನೋಡ, ಬಿಗಿ ಕಟ್ಟ" ಎಂದರು ಅತ್ತೆ. ಆದರೆ ಅವರ ಕೈ ಅವಳ ತಲೆಯ ಮೇಲಿತ್ತು.

ನಾನು ಮತ್ತೆ ಕುಳಿತೆ. ಸಣ್ಣ ಕಡತಗಳೆಲ್ಲ ಬಂದವು. ದೀಪ ಹಚ್ಚಿದ ಮೇಲೆ ದೊಡ್ಡದಕ್ಕೆ ಕೈ ಹಾಕಿದೆ. ಪರದೆಯ ಮೇಲೆ ನಕಲಿನ ಹಸಿರು ಪಟ್ಟಿ ಅರ್ಧ ದಾಟಿತು. ಅತ್ತೆ ಹೋಗದೆ ಅಲ್ಲೇ ಗೋಡೆಗೆ ಒರಗಿ ನಿಂತಿದ್ದರು. ಪಟ್ಟಿ ನಿಂತಿತು. ಅಂಕಿ ಮೂವತ್ತೆಂಟು ತೋರಿಸುತ್ತಿತ್ತು, ಆಮೇಲೆ ಅಂಕಿಯೂ ಹೋಯಿತು. ಡ್ರೈವ್ ಇಲ್ಲ. ಬಂದ್ ಮಾಡಿದೆ, ಕಾದೆ, ಹಚ್ಚಿದೆ. ಇಲ್ಲ. ಬಿಚ್ಚಿ, ಅದರ ಪಿನ್ನುಗಳನ್ನು ಒರೆಸಿ, ಬೇರೆ ಸ್ಲಾಟಿಗೆ ಕೂಡಿಸಿದೆ. ಇಲ್ಲ. ಬಂದಷ್ಟು ತುಂಡನ್ನು ತೆರೆದು ನೋಡಿದೆ, ಅದೂ ತೆರೆಯಲಿಲ್ಲ.

"ಇನ್ನೊಂದಿಷ್ಟ ತಣ್ಣಗಾದ್ರ ಬರತೈತೇನ್ರಿ?" ಸೊಸೆ ಕೇಳಿದಳು.

ಇಂಥ ಹೊತ್ತಿಗೆ ಗಿರಾಕಿಗೆ ಹೇಳಲೆಂದೇ ನನ್ನ ಬಾಯಲ್ಲಿ ಒಂದು ಮಾತು ಇರುತ್ತದೆ: ನಾಳೆ ನೋಡೋಣ. ಅದು ನಾಲಿಗೆಯ ತುದಿಗೆ ಬಂದಿತ್ತು.

"ಇಲ್ಲ ತಂಗಿ. ಪುಣೆದ ದೊಡ್ಡ ರಿಪೇರಿಯವರಿಗೆ ಕಳಿಸಿ ನೋಡೂನು, ಆದ್ರ ಆಸೆ ಹಚ್ಚೂದಿಲ್ಲ ನಾ. ಹೋತದು. ನನ್ನಿಂದ ಹೋತು."

ಅವಳು ಪರದೆಯನ್ನೇ ನೋಡುತ್ತ ಕುಳಿತಳು. ಅತ್ತೆ ಕೇಳಿದರು: "ಏನ ಇತ್ತು ಅದರಾಗ?"

"ಶ್ಯಾವಿಗಿ ಹಾಕೂ ಮುಂದ ನೀವು ನಗತಿದ್ರಿ ಅತ್ತಿ. ನಕ್ಕ ನಕ್ಕ ಕಣ್ಣಾಗ ನೀರ ಬಂದಿದ್ದು. ಬ್ಯಾರೆ ಯಾವದರಾಗೂ ನೀವು ನಕ್ಕಿಲ್ಲ."

ಅತ್ತೆ ನೆನಪು ಮಾಡಿಕೊಳ್ಳಲು ನೋಡಿದರು. "ಅಷ್ಟ ಯಾಕ ನಕ್ಕಿದ್ನವಾ ನಾ?"

ಸೊಸೆ ಕುರ್ಚಿಯಿಂದಿಳಿದು ನೆಲದ ಮೇಲೆ ಅವರ ಕಾಲ ಬಳಿ ಕುಳಿತಳು. ಓಣಿಯ ಯಾರು ಏನೆಂದರು, ಅದಕ್ಕೆ ಇವರು ಏನು ಉತ್ತರ ಕೊಟ್ಟರು, ಮೊದಲಿನಿಂದ ಹೇಳತೊಡಗಿದಳು. ನಾನು ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ಹಾಕಿಕೊಂಡು ಸದ್ದಾಗದಂತೆ ಮೆಟ್ಟಿಲು ಇಳಿದೆ. ಮೇಲಿನಿಂದ ಅವಳ ದನಿ ಕೇಳುತ್ತಲೇ ಇತ್ತು. ಅತ್ತೆ ನಕ್ಕರೋ ಇಲ್ಲವೋ ಎಂದು ನಿಂತು ಕೇಳಲಿಲ್ಲ. ಅದನ್ನು ಕೇಳುವ ಹಕ್ಕು ನನಗಿರಲಿಲ್ಲ.